ಉಳ್ಳಾಗಡ್ಡಿಗೇ ನಿಮ್ಮ ಮತ

ನಮ್ಮ ಕಡೆ ಅಡ್ಡಹೆಸರಿನ ವಿಷಯದಲ್ಲಿ ಯಾರಿಗೂ ಸಂಕೋಚವಿಲ್ಲ. ರಾಯಾಪುರದಲ್ಲಿ ನನ್ನ ಬೀಜ-ಗೊಬ್ಬರದ ಅಂಗಡಿಯ ಎಡಕ್ಕೆ ಸಕ್ಕರಿಯವರ ಹಾರ್ಡ್‌ವೇರ್, ಬಲಕ್ಕೆ ಹಿಟ್ಟಿನವರ ಮೊಬೈಲ್ ರಿಪೇರಿ, ರಸ್ತೆ ದಾಟಿದರೆ ಡಾಕ್ಟರ್ ತುಪ್ಪದ. ಹೊರಗಿನಿಂದ ಬಂದವರು ಬೋರ್ಡು ಓದಿ ಕಿಸಿಕಿಸಿ ನಗುತ್ತಾರೆ. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಸಕ್ಕರಿ ಅಂದರೆ ನಮ್ಮ ಕಣ್ಣ ಮುಂದೆ ಬರುವುದು ಮೂರು ಸಲ ಕೇಳಿದರೂ ಎದ್ದು ಮೊಳೆ ಕೊಡದ ಆ ಸೋಮಾರಿ ಮನುಷ್ಯ. ಚಹಾಕ್ಕೆ ಹಾಕುವ ವಸ್ತು ಅಲ್ಲ. ಈ ಅಭ್ಯಾಸದಿಂದಲೇ ನಮ್ಮ ಪಕ್ಷ ಪಾಲಿಕೆ ಚುನಾವಣೆಯಲ್ಲಿ ಮಣ್ಣು ಮುಕ್ಕಿತು. ತಪ್ಪು ಯಾರದು ಎಂದು ಇನ್ನೂ ಚರ್ಚೆ ನಡೆದಿದೆ. ಚರ್ಚೆ ಯಾಕೆ, ತಪ್ಪು ನನ್ನದೇ.

ನನ್ನ ಹೆಸರು ಶಂಭುಲಿಂಗ. ಮನೆ ಬೈರಿದೇವರಕೊಪ್ಪದಲ್ಲಿ. ಹನ್ನೊಂದು ವರ್ಷದಿಂದ ನಾನು ಪಕ್ಷದ ವಾರ್ಡ್ ಅಧ್ಯಕ್ಷ. ಕೇಳಲಿಕ್ಕೆ ದೊಡ್ಡ ಹುದ್ದೆ. ಮಾಡುವ ಕೆಲಸವೆಂದರೆ ಸಭೆಗೆ ಕುರ್ಚಿ ಹಾಕಿಸುವುದು, ನಾಯಕರು ಮೂರು ತಾಸು ತಡವಾಗಿ ಬರುವತನಕ ಮಂದಿಯ ಕೈಲಿ ಬೈಸಿಕೊಳ್ಳುವುದು, ಆಮೇಲೆ ಕುರ್ಚಿ ತೆಗೆಸುವುದು. ನನಗೆ ಸಿಟ್ಟು ಲಗೂನೇ ಬರುತ್ತದೆ ಎಂದು ಹೆಂಡತಿ ಭಾಗ್ಯಶ್ರೀ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇಂಥ ಹುದ್ದೆಯಲ್ಲಿ ಹನ್ನೊಂದು ವರ್ಷ ಇದ್ದು ಸಿಟ್ಟು ಬರದವನು ಇದ್ದರೆ ತೋರಿಸಲಿ.

ನಮ್ಮ ಅಭ್ಯರ್ಥಿ ಬಸವಪ್ರಭು ಉಳ್ಳಾಗಡ್ಡಿ. ಹತ್ತಿ ವ್ಯಾಪಾರಿ. ಮೂರು ತಲೆಮಾರಿನಿಂದ ಆ ಮನೆತನ ಹತ್ತಿಯನ್ನೇ ಮಾರಿದೆ, ಹೆಸರು ಮಾತ್ರ ಉಳ್ಳಾಗಡ್ಡಿ. ವಾರ್ಡಿನಲ್ಲಿ ಅವರನ್ನು ಬಸವಪ್ರಭು ಎಂದು ಕರೆಯುವ ಒಂದು ನರಪಿಳ್ಳೆಯೂ ಇಲ್ಲ. ಚಿಕ್ಕವರಿಗೆ ಉಳ್ಳಾಗಡ್ಡಿ ಕಾಕಾ, ದೊಡ್ಡವರಿಗೆ ಉಳ್ಳಾಗಡ್ಡಿಯವರು, ವೈರಿಗಳಿಗೆ ಬರೀ ಉಳ್ಳಾಗಡ್ಡಿ. ಹೋದ ಸಲ ಅವರು ಎದುರಿನ ಪಕ್ಷದ ಮಹಾಂತಯ್ಯನವರ ಮುಂದೆ ನಲವತ್ತೊಂದು ಮತಗಳಿಂದ ಸೋತಿದ್ದರು. ಆ ನಲವತ್ತೊಂದು ಎಂಬ ಸಂಖ್ಯೆ ಐದು ವರ್ಷ ನನ್ನ ನಿದ್ದೆ ಕೆಡಿಸಿತ್ತು.

ಮತ ಎಲ್ಲಿ ಹೋಗುತ್ತಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ವಾರ್ಡಿನಲ್ಲಿ ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡು. ಮೇಲಿನ ಓಣಿ ನಮ್ಮದು. ಕೆಳಗಿನ ಓಣಿ ಇಡಿಯಾಗಿ ಮಹಾಂತಯ್ಯನವರಿಗೆ ಹಾಕುತ್ತಿತ್ತು. ಅಲ್ಲಿಂದಲೇ ಒಬ್ಬರನ್ನು ಪಕ್ಷೇತರರಾಗಿ ನಿಲ್ಲಿಸಿದರೆ, ಆ ಮನುಷ್ಯ ಮಹಾಂತಯ್ಯನವರ ಇನ್ನೂರು ಮತ ತಿಂದರೆ, ನಮ್ಮವರು ಆರಾಮಾಗಿ ದಡ ಸೇರುತ್ತಾರೆ. ಇದೇನು ನಾನು ಕಂಡುಹಿಡಿದ ವಿದ್ಯೆಯಲ್ಲ. ಎಲ್ಲ ಪಕ್ಷದವರೂ ಮಾಡುತ್ತಾರೆ, ಎಲ್ಲರೂ ಇಲ್ಲವೆನ್ನುತ್ತಾರೆ.

ನನಗೆ ಹೊಳೆದ ಹೆಸರು ಕೆಳಗಿನ ಓಣಿಯ ಸತ್ಯವ್ವ. ಆರೋಗ್ಯ ಇಲಾಖೆಯಲ್ಲಿ ನರ್ಸಮ್ಮನಾಗಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಈ ವಾರ್ಡಿನ ಅರ್ಧ ಮತದಾರರ ತೋಳಿಗೆ ಅವರೇ ಸೂಜಿ ಚುಚ್ಚಿದ್ದಾರೆ, ಉಳಿದರ್ಧ ಮಂದಿಯ ಮಕ್ಕಳ ಬಾಯಿಗೆ ಪೋಲಿಯೊ ಹನಿ ಹಾಕಿದ್ದಾರೆ. ಕೆಲವು ವರ್ಷದ ಹಿಂದೆ ಅವರೇ ನನ್ನ ಅಂಗಡಿಗೆ ಬಂದು, ನಿಮ್ಮ ಪಕ್ಷದಲ್ಲಿ ನನ್ನಂಥವಳಿಗೆ ಟಿಕೆಟ್ ಸಿಗುತ್ತದೆಯೇ ಎಂದು ಕೇಳಿದ್ದರು. ನಾನು ನಕ್ಕು, ನೋಡೋಣ ಅಂದಿದ್ದೆ. ನೋಡೋಣ ಅಂದರೆ ನಮ್ಮಲ್ಲಿ ಇಲ್ಲ ಎಂದರ್ಥ. ಅವರಿಗೂ ಅದು ಗೊತ್ತಿತ್ತು, ಮತ್ತೆ ಕೇಳಿರಲಿಲ್ಲ.

ಈಗ ನಾನೇ ಅವರ ಮನೆಯ ಬಾಗಿಲಿಗೆ ಹೋದೆ. ಅವರ ಒಂದು ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆಯ ಆಪರೇಷನ್ ಆಗಿ ನಾಲ್ಕು ದಿನವಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಹಿಂದಿನ ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ನಾನು ಜೇನಿನಲ್ಲಿ ಅದ್ದಿದ ಮಾತು ಆಡಿದೆ. ನಿಮ್ಮಂಥವರು ನಿಲ್ಲಬೇಕು ಅಂದೆ, ಪಕ್ಷದಿಂದ ಆಗುವುದಿಲ್ಲ, ಪಕ್ಷೇತರರಾಗಿ ನಿಲ್ಲಿರಿ, ಓಡಾಟವೆಲ್ಲ ನನ್ನದು ಅಂದೆ. ಯಾಕೆ ಅಂದೆ ಎನ್ನುವುದನ್ನು ಹೇಳಲಿಲ್ಲ.

“ಗೆಲ್ಲೂದು ನನಗ ಬ್ಯಾಡ್ರಿ ಶಂಭಣ್ಣಾರ,” ಎಂದರು ಸತ್ಯವ್ವ. “ಮೂವತ್ನಾಕು ವರ್ಷ ಈ ಮಂದಿ ಮನಿ ಮನಿ ತಿರಗೇನಿ. ನನ್ನ ಮಾರಿ ನೋಡಿ ಎಷ್ಟು ಮಂದಿ ಹಾಕ್ತಾರ, ಅದೊಂದು ನೋಡಬೇಕು ನೋಡ್ರಿ.”

ತಮ್ಮ ಮುಖ ನೋಡಿ ಬೀಳುವ ಮತ, ಅಷ್ಟೇ ಅವರಿಗೆ ಬೇಕಾಗಿದ್ದುದು. ನನಗೆ ಆಗ ಅದು ಹೆಂಗಸರ ಹುಚ್ಚು ಅನ್ನಿಸಿತು.

ನಾಮಪತ್ರವನ್ನು ನಾನೇ ತುಂಬಿದೆ, ಅವರ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲವಲ್ಲ. ಪಕ್ಷೇತರರು ತಮಗೆ ಬೇಕಾದ ಮೂರು ಗುರುತುಗಳನ್ನು ಬರೆದುಕೊಡಬೇಕು. ಮೊದಲನೆಯದು ಹೊಲಿಗೆ ಮಷೀನು ಎಂದು ಸತ್ಯವ್ವ ಹೇಳಿದರು, ಎರಡನೆಯದು ಕೊಡ. ಮೂರನೆಯದಕ್ಕೆ ನೀವೇ ಏನಾದರೂ ಬರೆಯಿರಿ ಎಂದರು. ಹಿಂದೆ ಸಾಲು ಬೆಳೆದಿತ್ತು, ಗುಮಾಸ್ತ ಲಗೂ ಲಗೂ ಎಂದು ಪ್ರಾಣ ತಿನ್ನುತ್ತಿದ್ದ. ಗುರುತುಗಳ ಪಟ್ಟಿಯಲ್ಲಿ ಚಿತ್ರವಿರಲಿಲ್ಲ, ಬರೀ ಹೆಸರು, ಅಕಾರಾದಿಯಾಗಿ. ಇಸ್ತ್ರಿ ಪೆಟ್ಟಿಗೆ, ಈರುಳ್ಳಿ, ಉಂಗುರ. ಹೆಂಗಸರಿಗೆ ಅಡುಗೆಮನೆಯ ಸಾಮಾನು ಇರಲಿ ಎಂದು ಈರುಳ್ಳಿ ಎಂದು ಬರೆದು ಸಹಿ ಹಾಕಿಸಿದೆ.

ನಗಬೇಡಿ. ಈರುಳ್ಳಿ ಎನ್ನುವ ಶಬ್ದವನ್ನು ನಾವು ಸಾಲೆಯ ಪುಸ್ತಕದಲ್ಲಿ ಓದಿದ್ದೇವೆ, ಟೀವಿಯಲ್ಲಿ ಕೇಳಿದ್ದೇವೆ. ನಮ್ಮ ಬಾಯಿಂದ ಅದು ಯಾವತ್ತೂ ಹೊರಗೆ ಬಂದಿಲ್ಲ. ಹುಬ್ಬಳ್ಳಿಯ ಕಾಯಿಪಲ್ಲೆ ಮಾರ್ಕೆಟ್ಟಿನಲ್ಲಿ ಈರುಳ್ಳಿ ಕೊಡಿ ಅಂದರೆ ಮಾರುವವಳು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ರೇಟು ಹೆಚ್ಚು ಹೇಳುತ್ತಾಳೆ. ಆ ಪಟ್ಟಿ ಓದುವಾಗ ನನ್ನ ತಲೆಯೊಳಗೆ ಈರುಳ್ಳಿ ಎಂಬ ಅಕ್ಷರ ಮಾತ್ರ ಹೋಯಿತು, ವಸ್ತು ಹೋಗಲಿಲ್ಲ.

ಹೊಲಿಗೆ ಮಷೀನು, ಕೊಡ ಎರಡೂ ಚೀಟಿ ಎತ್ತಿದಾಗ ಬೇರೆ ಪಕ್ಷೇತರರ ಪಾಲಾದವು. ಸಂಜೆ ಅಭ್ಯರ್ಥಿಗಳ ಪಟ್ಟಿಯನ್ನು ಚಿತ್ರಸಮೇತ ಕಚೇರಿಯ ಗೋಡೆಗೆ ಅಂಟಿಸಿದರು. ನಾನು ಅಂಗಡಿಯಲ್ಲಿದ್ದೆ. ನಮ್ಮ ಪ್ರಚಾರದ ಆಟೋ ಓಡಿಸುವ ಅಮೀನಸಾಬನ ಫೋನು ಬಂತು. ಆಟೋದ ಮೇಲೆ ಎರಡು ಲೌಡ್‌ಸ್ಪೀಕರ್ ಕರ್ಣ ಕಟ್ಟಿಕೊಂಡು ಎಲ್ಲ ಪಕ್ಷದವರಿಗೂ ಕೂಗಿಕೊಡುವ ಮನುಷ್ಯ ಅವನು, ಈ ಸಲ ನಾವು ಹಿಡಿದಿದ್ದೆವು. ಪಟ್ಟಿ ನೋಡಿದಿರಾ ಎಂದು ಕೇಳಿದ. ಇಲ್ಲ ಅಂದೆ.

“ಸತ್ಯಕ್ಕನ ಗುರುತು ಉಳ್ಳಾಗಡ್ಡಿ ಐತ್ರಿ,” ಎಂದ.

ಉಳ್ಳಾಗಡ್ಡಿಯವರು ಅವರ ಗುರುತು ಹೇಗಾಗುತ್ತಾರೆ, ತಲೆ ಕೆಟ್ಟಿದೆಯೇನು ಎಂದು ನಾನು ಬೈದೆ. ಆಮೇಲೆ ನಿಧಾನವಾಗಿ ಹೊಳೆಯಿತು: ಪುಸ್ತಕದ ಈರುಳ್ಳಿಯೇ ನಮ್ಮ ಬಾಯಿಯ ಉಳ್ಳಾಗಡ್ಡಿ. ಮೂರು ಸಾವಿರ ಕರಪತ್ರ ಅಚ್ಚಾಗಿ ಬಂದಿದ್ದವು, ಎಲ್ಲದರ ಮೇಲೂ ದಪ್ಪ ಅಕ್ಷರದಲ್ಲಿ ‘ಉಳ್ಳಾಗಡ್ಡಿಗೇ ನಿಮ್ಮ ಮತ’. ಅಮೀನಸಾಬ ನಾಲ್ಕು ದಿನದಿಂದ ಅದನ್ನೇ ಕೂಗುತ್ತಿದ್ದ. ನಮ್ಮ ಪಕ್ಷದ ಗುರುತು ನಗಾರಿ. ಆದರೆ ನಗಾರಿ ಎನ್ನುವ ಶಬ್ದ ಆ ಕರಪತ್ರದ ಕೆಳಗೆ ಇರುವೆಯಷ್ಟು ಸಣ್ಣಗಿತ್ತು, ಉಳ್ಳಾಗಡ್ಡಿಯವರ ಹೆಸರೇ ಸಾಕು ಎಂದು ನಾನೇ ಹಾಗೆ ಮಾಡಿಸಿದ್ದೆ.

ಉಳ್ಳಾಗಡ್ಡಿಯವರ ಬಳಿ ಹೋಗಿ ವಿಷಯ ಹೇಳಿದೆ. ಅವರು ಮೊದಲು ನಂಬಲಿಲ್ಲ, ಆಮೇಲೆ ನನ್ನ ಏಳು ಜನ್ಮ ಜಾಲಾಡಿದರು. ಬೈಸಿಕೊಂಡೆ, ತಪ್ಪಿತ್ತಲ್ಲ. ಸಮಾಧಾನವಾದ ಮೇಲೆ ಒಂದು ದಾರಿ ಸೂಚಿಸಿದೆ: ಇನ್ನು ಹನ್ನೊಂದು ದಿನ ಅಡ್ಡಹೆಸರು ಬಿಟ್ಟು ಬಸವಪ್ರಭು ಎಂದೇ ಪ್ರಚಾರ ಮಾಡೋಣ. ಅದಕ್ಕೆ ಅವರು ಇನ್ನೂ ಕೆಂಡವಾದರು.

“ನಮ್ಮಜ್ಜ ಉಳ್ಳಾಗಡ್ಡಿ, ನಮ್ಮಪ್ಪ ಉಳ್ಳಾಗಡ್ಡಿ. ಒಂದು ಪಲ್ಲ್ಯಾದ ಸಾಮಾನಿಗೆ ಅಂಜಿ ನಾ ಮನೆತನದ ಹೆಸರು ಬಿಡಬೇಕೇನು?”

ಬಿಡಬೇಕಾಯಿತು. ಹೊಸ ಕರಪತ್ರ ಬಂತು, ಬಸವಪ್ರಭು ಅವರಿಗೆ ಮತ ನೀಡಿ ಎಂದು. ಮೊದಲ ದಿನವೇ ಶೇವಂತೆವ್ವ ಎಂಬ ಮುದುಕಿ ಅದನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು ಕಣ್ಣಿಗೊತ್ತಿಕೊಂಡು ದೇವರ ಜಗಲಿಯ ಮೇಲೆ ಇಟ್ಟಳು. ಯಾವ ಮಠದ ಸ್ವಾಮಿಗಳು, ಯಾವತ್ತು ದಯಮಾಡಿಸುತ್ತಾರೆ ಎಂದು ನನ್ನನ್ನೇ ಕೇಳಿದಳು. ಮನೆ ಮನೆಯಲ್ಲೂ ಅದೇ ಪಾಡು. ಬಸವಪ್ರಭು ಯಾರು ಎಂದು ಕೇಳುತ್ತಿದ್ದರು. ಉಳ್ಳಾಗಡ್ಡಿಯವರು ಎಂದು ನಾವು ಹೇಳಬೇಕಾಗುತ್ತಿತ್ತು. ಹಾಗಾದರೆ ಉಳ್ಳಾಗಡ್ಡಿಗೇ ಹಾಕುತ್ತೇವೆ ಬಿಡಿ ಎಂದು ಅವರು ಪ್ರೀತಿಯಿಂದ ಹೇಳುತ್ತಿದ್ದರು. ಅಮೀನಸಾಬ ತನ್ನ ಬುದ್ಧಿ ಓಡಿಸಿ, ಬಸವಪ್ರಭು ಅಂದರೆ ಉಳ್ಳಾಗಡ್ಡಿ, ಆದರೆ ಉಳ್ಳಾಗಡ್ಡಿಗೆ ಹಾಕಬ್ಯಾಡ್ರಿ, ಉಳ್ಳಾಗಡ್ಡಿಯವರಿಗೆ ಹಾಕ್ರಿ ಎಂದು ಕೂಗತೊಡಗಿದ. ಹುಡುಗರು ಆಟೋದ ಹಿಂದೆ ಓಡುತ್ತ ಅದನ್ನೇ ಹಾಡು ಮಾಡಿಕೊಂಡರು. ಎರಡನೆಯ ದಿನ ನಾನು ಅವನ ಮೈಕು ಬಂದ್ ಮಾಡಿಸಿದೆ.

ಇತ್ತ ಸತ್ಯವ್ವನಿಗೆ ಮೈಕೂ ಇರಲಿಲ್ಲ, ಕರಪತ್ರವೂ ಇರಲಿಲ್ಲ. ನಾಲ್ಕು ಜನ ಗೆಳತಿಯರನ್ನು ಕರೆದುಕೊಂಡು, ಆ ಕಪ್ಪು ಕನ್ನಡಕ ಹಾಕಿಕೊಂಡು ನಡೆದೇ ಹೊರಟರು. ಕೆಳಗಿನ ಓಣಿಯಲ್ಲಿ ಇದ್ದು ಮಹಾಂತಯ್ಯನವರ ಮತ ತಿನ್ನಲಿ ಎಂದು ನಾನು ಲೆಕ್ಕ ಹಾಕಿದ್ದರೆ, ಅವರು ಮೊದಲ ದಿನವೇ ಮೇಲಿನ ಓಣಿಗೆ ಬಂದರು. ಬಂದವರು ಮತ ಕೇಳುವುದಕ್ಕಿಂತ ಮೊದಲು ಮಂದಿಯನ್ನು ತಪಾಸಣೆ ಮಾಡುತ್ತಿದ್ದರು. ನಿನ್ನ ಎರಡನೆಯವನು ಈಗ ಕಾಲೇಜೇ, ಅವನಿಗೆ ದಡಾರದ ಸೂಜಿ ಹಾಕಿದಾಗ ನನ್ನ ಕೈ ಕಡಿದಿದ್ದ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆಯವರ ಕಾಲು ನೋಡಿ ಬೈಯುತ್ತಿದ್ದರು. ಚರಂಡಿಯ ದೂರು ಹೇಳಿದರೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು.

ನಮ್ಮ ಮನೆಗೂ ಬಂದರು. ನಾನು ಒಳಗೆ ಊಟಕ್ಕೆ ಕೂತಿದ್ದೆ. ಕಟ್ಟೆಯ ಬಳಿ ನಿಂತೇ ಮಾತಾಡುತ್ತಿದ್ದವರಿಗೆ ಭಾಗ್ಯಶ್ರೀ, “ಒಳಗ ಬರ್ರಿ ಅಕ್ಕಾರ, ಬಿಸಲಾಗ ಯಾಕ ನಿಂತೀರಿ,” ಎಂದಳು. ಅವರು ಒಂದು ಗಳಿಗೆ ಅನುಮಾನಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದರು. ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಮ್ಮ ಇಬ್ಬರು ಮಕ್ಕಳಿಗೂ ಈಕೆಯೇ ಹನಿ ಹಾಕಿದ್ದು. ವರ್ಷಗಟ್ಟಲೆ ನಮ್ಮ ಕಟ್ಟೆ ಹತ್ತಿ ಇಳಿದಿದ್ದಾರೆ, ನಮ್ಮಲ್ಲಿ ಚಹಾವನ್ನೂ ಕಟ್ಟೆಯ ಮೇಲೇ ಕುಡಿದಿದ್ದಾರೆ. ಒಳಗೆ ಬನ್ನಿ ಎಂದು ನಾನಾಗಲಿ, ನನ್ನ ತಾಯಿಯಾಗಲಿ ಒಂದು ದಿನವೂ ಅಂದಿರಲಿಲ್ಲ. ಅದು ನನಗೆ ಆ ದಿನ ಊಟದ ನಡುವೆ ಹೊಳೆಯಿತು, ನಾಚಿಕೆಯಾಯಿತು. ನಾಚಿಕೆಯನ್ನು ಮುಚ್ಚಿಕೊಳ್ಳಲು ಸಾರಿಗೆ ಉಪ್ಪು ಕಡಿಮೆ ಎಂದು ಹೆಂಡತಿಯ ಮೇಲೆ ರೇಗಿದೆ.

ಮತದಾನಕ್ಕೆ ನಾಲ್ಕು ದಿನ ಉಳಿದಿತ್ತು. ಉಳ್ಳಾಗಡ್ಡಿಯವರು ನನ್ನನ್ನು ಕರೆಸಿ ಒಂದು ಉಪಾಯ ಹೇಳಿದರು. ನಾಮಪತ್ರ ಹಿಂದಕ್ಕೆ ಪಡೆಯುವ ದಿನ ಮುಗಿದಿದೆ, ಸರಿ. ಆದರೆ ಸತ್ಯವ್ವ ನಮ್ಮ ವೇದಿಕೆ ಹತ್ತಿ, ನಾನು ಕಣದಿಂದ ಹಿಂದೆ ಸರಿದಿದ್ದೇನೆ, ನನ್ನ ಬೆಂಬಲ ಇವರಿಗೆ ಎಂದು ಘೋಷಿಸಿದರೆ? ನಿಲ್ಲಿಸಿದವನು ನೀನೇ, ಕೂರಿಸುವವನೂ ನೀನೇ ಆಗು ಎಂದು ನನಗೆ ಗಂಟುಹಾಕಿದರು.

ಕಾಲು ಎಳೆಯುತ್ತ ಕೆಳಗಿನ ಓಣಿಗೆ ಹೋದೆ. ಸತ್ಯವ್ವ ನನ್ನನ್ನು ಒಳಗೆ ಕರೆದು ಕುರ್ಚಿ ಕೊಟ್ಟರು, ಚಹಾ ಮಾಡಿದರು. ಒಳ್ಳೆಯ ಚಹಾ, ಶುಂಠಿ ಹಾಕಿದ್ದು. ಅದನ್ನು ಕುಡಿಯುತ್ತ ಕುಡಿಯುತ್ತ ಸುಳ್ಳು ಹೇಳಲಿಕ್ಕೆ ನನ್ನ ಕೈಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ನಿಮ್ಮನ್ನು ನಿಲ್ಲಿಸಿದ್ದು ನಿಮಗಾಗಿ ಅಲ್ಲ, ಮಹಾಂತಯ್ಯನವರ ಮತ ಒಡೆಯಲಿಕ್ಕೆ ಅಂದೆ. ಗುರುತು ಬರೆದದ್ದು ನನ್ನ ಗಡಿಬಿಡಿ ಅಂದೆ. ಈಗ ನೀವು ವೇದಿಕೆಗೆ ಬರಬೇಕು ಅಂತಲೂ ಅಂದೆ.

ಅವರು ಕೋಪ ಮಾಡಿಕೊಂಡಿದ್ದರೆ ನನಗೆ ಹಗುರವಾಗುತ್ತಿತ್ತು. ಬೈದರೆ ಬೈಸಿಕೊಳ್ಳುವುದು ನನಗೆ ಅಭ್ಯಾಸ. ಅವರು ಖಾಲಿ ಕಪ್ಪು ಎತ್ತಿಕೊಂಡು ಒಳಗಿಟ್ಟು ಬಂದರು, ಸೀರೆಯ ಸೆರಗಿಗೆ ಕೈ ಒರೆಸಿಕೊಂಡರು, ಎದುರಿಗೆ ಕೂತರು.

“ಎಷ್ಟು ಬೀಳ್ತಾವಂತ ಲೆಕ್ಕ ಹಾಕಿದ್ರಿ?”

“ಇನ್ನೂರ್ರಿ. ಈ ಓಣ್ಯಾಗಿಂದ.”

“ಮ್ಯಾಲಿನ ಓಣ್ಯಾಗಿಂದ?”

ನಾನು ನೆಲ ನೋಡಿದೆ. ಅಲ್ಲಿಂದ ಅವರಿಗೆ ಒಂದು ಮತ ಬೀಳಬಹುದು ಎಂದೂ ನಾನು ಯೋಚಿಸಿರಲಿಲ್ಲ. ಅವರಿಗೆ ಉತ್ತರ ಸಿಕ್ಕಿತು. ಕನ್ನಡಕದ ಹಿಂದೆ ಕಣ್ಣು ಕಾಣುತ್ತಿರಲಿಲ್ಲ, ಆದರೆ ತುಟಿ ಒಂದು ಸಲ ಅದುರಿದ್ದು ಕಂಡಿತು. ಐವತ್ತು ವರ್ಷದ ಬದುಕಿನಲ್ಲಿ ನಾನು ಬಹಳ ಮಂದಿಯ ಮುಂದೆ ಸಣ್ಣವನಾಗಿದ್ದೇನೆ. ಅಷ್ಟು ಸಣ್ಣವನು ಎಂದೂ ಆಗಿರಲಿಲ್ಲ.

ಎದ್ದು ಬಾಗಿಲ ತನಕ ಬಂದು ಬೀಳ್ಕೊಟ್ಟರು. ಸಭೆಗೆ ಬರುತ್ತೇನೆ, ಎಷ್ಟು ಗಂಟೆಗೆ ಎಂದು ಕೇಳಿಕೊಂಡರು. ಅಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು.

ಸಭೆಗೆ ಮುನ್ನೂರು ಕುರ್ಚಿ ಹಾಕಿಸಿದ್ದೆ, ತುಂಬಿ ನಿಂತಿದ್ದರು ಮಂದಿ. ಸತ್ಯವ್ವ ಹಿಂದೆ ಸರಿಯುತ್ತಾರಂತೆ ಎಂಬ ಸುದ್ದಿ ವಾಟ್ಸ್ಯಾಪಿನಲ್ಲಿ ಊರೆಲ್ಲ ಸುತ್ತಿತ್ತು. ಉಳ್ಳಾಗಡ್ಡಿಯವರು ಜರಿಯ ಶಲ್ಯ ಹೊದ್ದು ಮದುವೆಯ ಬೀಗರ ಹಾಗೆ ಕೂತಿದ್ದರು. ಸತ್ಯವ್ವ ಇಳಿಕಲ್ ಸೀರೆಯುಟ್ಟು ಬಂದು ಮೈಕಿನ ಮುಂದೆ ನಿಂತರು. ನಾನು ಮೈಕನ್ನು ಅವರ ಎತ್ತರಕ್ಕೆ ಇಳಿಸಿಕೊಟ್ಟೆ. ಮೊದಲಿಗೆ ಎಲ್ಲರಿಗೂ ಶರಣು ಹೇಳಿದರು, ಮಕ್ಕಳಿಗೆ ಸೂಜಿ ತಪ್ಪಿಸಬೇಡಿ ಅಂದರು. ಉಳ್ಳಾಗಡ್ಡಿಯವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ, ದೊಡ್ಡ ಮನೆತನದವರು ಎಂದರು. ಅವರು ಕೂತಲ್ಲೇ ಕೈ ಮುಗಿದರು.

“ನಂದು ಹೇಳೂದು ಇಷ್ಟ ಐತ್ರಿ,” ಎಂದರು ಸತ್ಯವ್ವ. “ಯಾರ ಮಾತೂ ಕೇಳಬ್ಯಾಡ್ರಿ. ಎಲ್ಲಾರೂ ಮರೀದ ಉಳ್ಳಾಗಡ್ಡಿಗೇ ಹಾಕ್ರಿ.”

ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರು ಉಳ್ಳಾಗಡ್ಡಿಯವರೇ. ತಮ್ಮ ಹೆಸರು ಕೇಳಿದ ಸಂತೋಷದಲ್ಲಿ ಎದ್ದು ನಿಂತು ಹೊಡೆದರು. ಕೆಳಗೆ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವರೂ ಚಪ್ಪಾಳೆ ಹೊಡೆದರು. ಸತ್ಯವ್ವ ಮೆಟ್ಟಿಲಿಳಿಯುವಾಗ ನನ್ನ ಕಡೆ ಒಮ್ಮೆ ತಿರುಗಿದರು. ನಮ್ಮದೇ ವೇದಿಕೆ, ನಮ್ಮದೇ ಮೈಕು, ನಮ್ಮದೇ ಕುರ್ಚಿ. ಆ ಹೆಂಗಸು ಮೂರು ನಿಮಿಷದಲ್ಲಿ ತಮ್ಮ ಪ್ರಚಾರ ಮುಗಿಸಿ ಮನೆಗೆ ಹೋದರು. ಮೈಯೆಲ್ಲ ಉರಿಯಬೇಕಾಗಿತ್ತು ನನಗೆ. ನಗು ತಡೆಯಲಾರದೆ ಪೆಂಡಾಲಿನ ಹಿಂದೆ ಹೋಗಿ ಬಾಯಿಗೆ ಟವೆಲ್ ಹಿಡಿದುಕೊಂಡೆ.

ಮತದಾನದ ದಿನ ಬೆಳಿಗ್ಗೆ ಏಳಕ್ಕೇ ಹೋಗಿ ಒತ್ತಿ ಬಂದೆ. ಉಳಿದ ದಿನವೆಲ್ಲ ಬೂತಿನ ಹೊರಗೆ ಟೇಬಲ್ ಹಾಕಿಕೊಂಡು ಚೀಟಿ ಬರೆದುಕೊಟ್ಟೆ. ಹೊರಗೆ ಬಂದ ಮಂದಿಯಲ್ಲಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, ಉಳ್ಳಾಗಡ್ಡಿಗೇ ಹಾಕಿದ್ದೇವೆ ಎಂದು ಹೇಳಿ ಹೋದವರೂ ಇದ್ದರು, ನಗು ಮುಚ್ಚಿಕೊಂಡವರೂ ಇದ್ದರು. ಶೇವಂತೆವ್ವ ಮಾತ್ರ ಪೆಟ್ಟಿಗೆಯ ಮೇಲೆ ಸ್ವಾಮಿಗಳ ಫೋಟೊ ಇರಲೇ ಇಲ್ಲ ಎಂದು ಗೊಣಗುತ್ತ ಹೋದಳು.

ಎಣಿಕೆ ಮಧ್ಯಾಹ್ನಕ್ಕೇ ಮುಗಿಯಿತು. ಸತ್ಯವ್ವ ಸಾವಿರದ ನಾನೂರ ಹದಿನೆಂಟು. ಮಹಾಂತಯ್ಯನವರು ಸಾವಿರದ ಇನ್ನೂರ ತೊಂಬತ್ತಾರು. ನಮ್ಮವರು ಮೂರನೆಯ ಸ್ಥಾನ. ಫಲಿತಾಂಶ ಕೂಗಿದಾಗ ಸತ್ಯವ್ವ ಅಧಿಕಾರಿಯನ್ನು ಎರಡು ಸಲ, ನನ್ನದೇ ಹೆಸರೇ ಎಂದು ಕೇಳಿದರಂತೆ. ಉಳ್ಳಾಗಡ್ಡಿಯವರು ಕೇಂದ್ರದ ಬಾಗಿಲಲ್ಲೇ ನಿಂತು ಮೊಬೈಲ್ ಹಿಡಿದ ಪತ್ರಕರ್ತರಿಗೆ, ಆ ಮತಗಳೆಲ್ಲ ನನ್ನವು, ಮಂದಿ ಹೆಸರು ಕೇಳಿ ಮೋಸ ಹೋದರು ಅಂದರು. ಮಹಾಂತಯ್ಯನವರೂ ಮಂದಿ ಹೆಸರಿಗೆ ಮೋಸ ಹೋದರು ಎಂದೇ ಅಂದರು. ಐದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದ ಆ ಇಬ್ಬರು ಅಂದು ಒಂದೇ ಮಾತು ಆಡಿದರು. ಸಂಜೆಯ ಹೊತ್ತಿಗೆ ಊರಿಗೆ ಊರೇ ಅದನ್ನು ನಂಬಿತ್ತು. ಸತ್ಯವ್ವನನ್ನು ಯಾರೂ ಬೈಯಲಿಲ್ಲ. ಪಾಪ, ನಸೀಬು ಖುಲಾಯಿಸಿತು ಅಂದರು. ನನಗೆ ಅದಕ್ಕೇ ಕೋಪ ಬಂತು. ಗೆದ್ದವರನ್ನು ಪಾಪ ಎನ್ನುತ್ತಾರೆಯೇ?

ಸಂಜೆ ಅವರು ಓಣಿ ಓಣಿ ತಿರುಗಿ ಕೈ ಮುಗಿದು ನಮ್ಮ ಮನೆಗೂ ಬಂದರು. ಮಾಲೆಯನ್ನು ಬಾಗಿಲಲ್ಲೇ ತೆಗೆದು ಗೆಳತಿಯ ಕೈಗೆ ಕೊಟ್ಟು ಒಬ್ಬರೇ ಒಳಗೆ ಬಂದರು. ಕರ್ಣ, ವೈರು ವಾಪಸು ಒಯ್ಯಲು ಬಂದಿದ್ದ ಅಮೀನಸಾಬ ಮೂಲೆಯಲ್ಲಿ ವೈರು ಸುತ್ತುತ್ತಿದ್ದ. ಭಾಗ್ಯಶ್ರೀ ಕುಂಕುಮ ಕೊಟ್ಟು, ಸಕ್ಕರೆ ಬಾಯಿಗೆ ಹಾಕಿದಳು. ಗೆದ್ದವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಕುರ್ಚಿಯ ತುದಿಗೆ ಕೂತು ನೀರು ಕುಡಿದರು. ದಾರಿಯಲ್ಲಿ ಸಿಕ್ಕವರೆಲ್ಲ ನಗುನಗುತ್ತ, ಅಕ್ಕಾ ನಾವು ತಪ್ಪಿ ಒತ್ತಿಬಿಟ್ಟೆವು ಎಂದರಂತೆ.

“ಶಂಭಣ್ಣಾರ, ಈ ವಾರ್ಡಿನ ಲೆಕ್ಕ ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ,” ಎಂದರು. “ಖರೇ ಹೇಳ್ರಿ. ಸಾವಿರದ ನಾನೂರ ಹದಿನೆಂಟರಾಗ ನನ್ನ ಮಾರಿ ನೋಡಿ ಹಾಕಿದ್ವು ಎಷ್ಟದಾವ?”

ಎಷ್ಟೆಂದು ಹೇಳಲಿ? ದೇವರಿಗೂ ಗೊತ್ತಿಲ್ಲದ ಲೆಕ್ಕ ಅದು. ನೂರು ಅನ್ನಲೇ, ಐನೂರು ಅನ್ನಲೇ, ಬಾಯಿಗೆ ಬಂದ ಸಮಾಧಾನ ಹೇಳಿ ಕಳಿಸಲೇ? ಹನ್ನೊಂದು ವರ್ಷ ಅದನ್ನೇ ಮಾಡಿದ್ದೇನೆ. ಅವರೆದುರು ಇನ್ನೊಮ್ಮೆ ಆಗಲಿಲ್ಲ.

“ಒಂದಂತೂ ಖಾತ್ರಿ ಐತ್ರಿ,” ಎಂದೆ.

“ಯಾರದು?”

“ನಂದ್ರಿ.”

ಅವರು ತಲೆಯೆತ್ತಿದರು. ಹನ್ನೊಂದು ವರ್ಷದ ವಾರ್ಡ್ ಅಧ್ಯಕ್ಷ ತನ್ನ ಪಕ್ಷಕ್ಕೆ ಬೆನ್ನು ತೋರಿಸಿದ್ದನ್ನು ತನ್ನ ಬಾಯಿಂದಲೇ ಹೇಳಿದ್ದ.

“ನೀವೂ ತಪ್ಪಿ ಒತ್ತಿದ್ರೇನ್ರಿ?” ಎಂದು ಕೇಳಿದರು, ಬಹಳ ಮೆಲ್ಲಗೆ.

“ಇಲ್ರಿ ಅಕ್ಕಾರ. ಗುರುತು ನೋಡ್ಲಿಲ್ಲ. ಹೆಸರು ಓದಿ ಒತ್ತೇನಿ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಭಾಗ್ಯಶ್ರೀ ನನ್ನ ಕಡೆ ನೋಡದೆ, ಎರಡು ಅನ್ನಿರಿ ಎಂದಳು. ನಾನು ತಿರುಗಿ ಅವಳನ್ನು ದುರುಗುಟ್ಟಿ ನೋಡುವಷ್ಟರಲ್ಲಿ ಮೂಲೆಯಿಂದ ಅಮೀನಸಾಬ ಗಂಟಲು ಸರಿಮಾಡಿಕೊಂಡು, ನಮ್ಮ ಮನೆಯವು ಮೂರು ಇವೆ ಎಂದ. ಎರಡು ವಾರ ನಮ್ಮ ಪ್ರಚಾರದ ಆಟೋದಲ್ಲಿ ಕೂತು, ನಮ್ಮ ಚಹಾ ಕುಡಿದು, ಇದೇನೋ ನೀನು ಮಾಡಿದ್ದು ಎಂದು ನಾನು ಎದ್ದೇ ಬಿಟ್ಟೆ. ಅವನು ವೈರು ಸುತ್ತುವುದನ್ನು ಬಿಡಲಿಲ್ಲ. ತನ್ನ ಹೆಂಡತಿಯ ಮೂರೂ ಬಾಣಂತನದಲ್ಲಿ ಮನೆಗೆ ಬಂದು ನೋಡಿದ್ದು ಸತ್ಯಕ್ಕ, ನಾವು ಮೂವರೂ ಹೆಸರು ಓದಿಯೇ ಒತ್ತಿದ್ದೇವೆ ಎಂದ.

ಸತ್ಯವ್ವ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಡಾಕ್ಟರು ಕಣ್ಣು ಮುಟ್ಟಬಾರದು ಎಂದಿದ್ದಾರೆ ಎಂದು ಭಾಗ್ಯಶ್ರೀ ಗದರಿದಳು, ಅವರು ಕೇಳಲಿಲ್ಲ. ಬಲಗೈ ಬೆರಳು ಒಂದೊಂದಾಗಿ ಮಡಚಿ ಎಣಿಸಿದರು. ಆಮೇಲೆ ಸಂಚಿಯಿಂದ ಆ ಚಿಕ್ಕ ನೋಟ್‌ಬುಕ್ಕು ತೆಗೆದು, ಚರಂಡಿಯ ದೂರುಗಳ ಹಾಳೆ ತೆರೆದು ತೊಡೆಯ ಮೇಲಿಟ್ಟುಕೊಂಡರು.

“ಐದು ಅದಾವ,” ಎಂದರು. “ಉಳಿದವನ್ನ ಐದು ವರ್ಷದಾಗ ನನ್ನವು ಮಾಡ್ಕೋತೇನಿ. ನಾಳೆ ಮುಂಜಾನೆ ಎಂಟಕ್ಕ ಬರ್ರಿ ಶಂಭಣ್ಣಾರ, ಮದಲ ನಿಮ್ಮ ಓಣಿ ಗಟಾರ ನೋಡೂಣು.”